ಕರೆಂಟ್ ಹೋಗಿ ಬಂದರೆ ತೂಕದ ಪ್ರೋಗ್ರಾಂ ಯಾಕೆ ನಿಲ್ಲುತ್ತದೆ? ದೋಷ ಹುಡುಕಿದ ದಾರಿ

ಫೆಬ್ರವರಿಯಲ್ಲಿ ಗೋಣಿಕೊಪ್ಪ ಕಡೆಯಿಂದ ಫೋನ್ ಬಂದರೆ ನಾನು ಮೊದಲು ಲ್ಯಾಪ್‌ಟಾಪ್ ತೆರೆಯುತ್ತೇನೆ, ಆಮೇಲೆ ಫೋನ್ ಎತ್ತುತ್ತೇನೆ. ರೋಬಸ್ಟಾ ಕಣದಲ್ಲಿ ಒಣಗಿ ಚೀಲ ಸೇರುವ ಕಾಲ ಅದು. ಕಾಫಿ ಖರೀದಿ ಮಾಡುವ ಗೋಡೌನಿನ ಮುಂದೆ ಪಿಕಪ್, ಜೀಪು, ಟ್ರ್ಯಾಕ್ಟರ್ ಸಾಲುಗಟ್ಟಿರುತ್ತವೆ. ಒಂದು ಸಲ ಅಲ್ಲಿ ಬಿಲ್ ಬರೆಯುವ ರೈಟರ್ ಹೇಳಿದ್ದು ಇಷ್ಟೇ: "ಸಾರ್, ಸಿಸ್ಟಮ್ ಹ್ಯಾಂಗ್ ಆಯ್ತು. ಎಂಟು ಗಾಡಿ ನಿಂತಿವೆ."

ಆ ಪ್ರೋಗ್ರಾಂ ಬರೆದವನು ನಾನೇ. ಮಡಿಕೇರಿಯಲ್ಲಿ ಕೂತು ಕಾಫಿ, ಕರಿಮೆಣಸು ವ್ಯಾಪಾರಿಗಳಿಗೆ ಸಣ್ಣಪುಟ್ಟ ಡೆಸ್ಕ್‌ಟಾಪ್ ಪ್ರೋಗ್ರಾಂ ಮಾಡಿಕೊಡುವುದು ನನ್ನ ಕೆಲಸ. ವಿಂಡೋಸ್, ಸಿ ಶಾರ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆ, ಹಿಂದೆ ಎಲ್ಲರ ಲೆಕ್ಕ ಇಟ್ಟುಕೊಳ್ಳುವ ಒಂದು ಸರ್ವರ್. ಈ ಜಾಗದಲ್ಲಿ ಆಫೀಸಿನ ಕಂಪ್ಯೂಟರಿನಲ್ಲಿ ಸರ್ವರ್ ಪ್ರೋಗ್ರಾಂ ಓಡುತ್ತದೆ. ಹಿಂದಿನ ಗೋಡೌನಿನಲ್ಲಿ ಎರಡು ತೂಕದ ಮಿಷನ್ ಇವೆ, ಒಂದೊಂದಕ್ಕೂ ಒಂದು ಕಂಪ್ಯೂಟರ್. ಸಿದ್ದಾಪುರದ ಶಾಖೆಯಿಂದ ಇಂಟರ್‌ನೆಟ್ ಮೂಲಕ ಮತ್ತೊಂದು ಕಂಪ್ಯೂಟರ್ ಸೇರಿಕೊಳ್ಳುತ್ತದೆ. ನಿಮ್ಮದು ಅಡಿಕೆ ಮಂಡಿಯೋ, ಮೆಡಿಕಲ್ ಶಾಪೋ ಇರಬಹುದು. ಈ ತರಹದ ಜೋಡಣೆ ಇದ್ದರೆ ಮುಂದೆ ಬರೆದಿರುವ ತೊಂದರೆಗಳಲ್ಲಿ ಅರ್ಧವಾದರೂ ನಿಮಗೂ ಬಂದಿರುತ್ತವೆ.

ಹ್ಯಾಂಗ್ ಅಂದರೆ ಯಾವುದು?

ರೈಟರಿಗೆ ಎಲ್ಲವೂ ಹ್ಯಾಂಗ್. ಪ್ರಿಂಟರಿನಲ್ಲಿ ಕಾಗದ ಮುಗಿದರೂ ಹ್ಯಾಂಗ್. ಅದು ಅವರ ತಪ್ಪಲ್ಲ, ನಾವು ಸರಿಯಾಗಿ ಕೇಳಬೇಕು. ಸ್ಕ್ರೀನ್ ಮಂಕಾಗಿ ಬಿಳಚಿಕೊಂಡು, ಮೇಲೆ "ನಾಟ್ ರೆಸ್ಪಾಂಡಿಂಗ್" ಅಂತ ಬಂತಾ? ಸ್ಕ್ರೀನ್ ಚೆನ್ನಾಗಿದ್ದು ಸೇವ್ ಒತ್ತಿದರೆ ಮಾತ್ರ ಏನೂ ಆಗುತ್ತಿಲ್ಲವಾ? ತೂಕದ ಅಂಕಿ ಮಾತ್ರ ಬರುತ್ತಿಲ್ಲವಾ? ಏನಾದರೂ ನಂಬರ್ ಇರುವ ಎರರ್ ಬಂತಾ? ಈ ನಾಲ್ಕಕ್ಕೂ ಕಾರಣಗಳು ಬೇರೆ ಬೇರೆ. ಮಾತಿನಲ್ಲಿ ಬಿಡಿಸುವುದಕ್ಕಿಂತ "ಒಂದು ಫೋಟೋ ತೆಗೆದು ವಾಟ್ಸಾಪ್ ಮಾಡಿ ರೈಟ್ರೇ" ಅನ್ನುವುದು ಸುಲಭ.

ಅವತ್ತು ಬಂದ ಫೋಟೋದಲ್ಲಿ ಸ್ಕ್ರೀನ್ ಸರಿಯಾಗಿಯೇ ಇತ್ತು. ಕೆಳಗೆ ನಾನೇ ಬರೆದ ಸಂದೇಶ: "ತೂಕ ಯಂತ್ರ 1 ಈಗಾಗಲೇ ಬಳಕೆಯಲ್ಲಿದೆ." ಯಾರು ಬಳಸುತ್ತಿದ್ದಾರೆ? ಅವರೇ! ಒಂದೇ ತೂಕಕ್ಕೆ ಇಬ್ಬರು ಬಿಲ್ ಮಾಡಬಾರದು ಅಂತ ಒಂದು ಮಿಷನ್ನಿಗೆ ಒಂದೇ ಲಾಗಿನ್ ಇಟ್ಟಿದ್ದೆ.

ಇನ್ನೂ ಎರಡು ಪ್ರಶ್ನೆ ಕೇಳಿದೆ. ಯಾವಾಗ ಶುರುವಾಯಿತು? "ಕರೆಂಟ್ ಹೋಗಿ ಬಂತಲ್ಲ ಸಾರ್, ಆಗ." ಮೊದಲು ಹೀಗೆ ಆಗಿತ್ತಾ? "ಆಗ್ತಾ ಇರುತ್ತೆ. ಎರಡು ಗಂಟೆ ಬಿಟ್ರೆ ತಾನೇ ಸರಿ ಹೋಗುತ್ತೆ. ಊಟ ಮಾಡಿ ಬರೋದ್ರೊಳಗೆ ಆಗಿರುತ್ತೆ."

ಎರಡು ಗಂಟೆ! ನನಗೆ ಅಲ್ಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಮೂರು ದಿನ ಡೇಟಾಬೇಸ್ ಕೆದಕುತ್ತಾ ಕೂತೆ.

ಕೋಡ್ ಮುಟ್ಟುವ ಮೊದಲು ದಾರಿ ನೋಡಿ

ಗೋಡೌನಿನಿಂದ ಸರ್ವರ್‌ವರೆಗೆ ಒಂದು ದಾರಿ ಇದೆ. ಅದು ಎಲ್ಲಿಯವರೆಗೆ ಸರಿ ಇದೆ ಅಂತ ಹೆಜ್ಜೆ ಹೆಜ್ಜೆಯಾಗಿ ನೋಡಬೇಕು. ತೋಟದಲ್ಲಿ ಸ್ಪ್ರಿಂಕ್ಲರ್ ನಿಂತರೆ ಪೈಪಿನ ಒಂದೊಂದು ಜಾಯಿಂಟ್ ನೋಡುತ್ತಾ ಹೋಗುತ್ತೇವಲ್ಲ, ಹಾಗೆ.

ಮೊದಲು ಕೇಬಲ್ ಸಿಕ್ಕಿಸುವ ಜಾಗದ ಪುಟ್ಟ ದೀಪ. ಗೋಡೌನಿನಲ್ಲಿ ಇಲಿ ಕೇಬಲ್ ಕಡಿಯುವುದು ಮಾಮೂಲಿ, ಇದನ್ನು ತಮಾಷೆ ಅಂದುಕೊಳ್ಳಬೇಡಿ. ಆಮೇಲೆ ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಕಂಪ್ಯೂಟರಿನ ಮನೆ ನಂಬರ್. 169.254 ಅಂತ ಶುರುವಾಗುವ ವಿಳಾಸ ಕಂಡರೆ ರೂಟರ್ ವಿಳಾಸ ಕೊಟ್ಟಿಲ್ಲ, ಕಂಪ್ಯೂಟರ್ ತಾನೇ ಒಂದು ಹಾಕಿಕೊಂಡಿದೆ ಅಂತ ಅರ್ಥ. ಕರೆಂಟ್ ಬಂದಾಗ ಕಂಪ್ಯೂಟರ್ ಬೇಗ ಎದ್ದು ರೂಟರ್ ತಡವಾಗಿ ಎದ್ದರೆ ಹೀಗಾಗುತ್ತದೆ. ಇನ್ನೊಂದು ಕಾಟ, ಸರ್ವರಿನ ವಿಳಾಸವೇ ಬದಲಾಗುವುದು. ನಿನ್ನೆ ಕೊನೆಯಲ್ಲಿ 5 ಇತ್ತು, ಇವತ್ತು 8. ಪ್ರೋಗ್ರಾಂ ಮಾತ್ರ ಹಳೇ ಮನೆಯ ಬಾಗಿಲು ತಟ್ಟುತ್ತಾ ಇರುತ್ತದೆ. ಸರ್ವರಿಗೆ ರೂಟರಿನಲ್ಲೇ ವಿಳಾಸ ಕಾಯ್ದಿರಿಸಿಬಿಡಿ.

ಆ ವಿಳಾಸದಲ್ಲಿ ಯಂತ್ರ ಇದೆಯಾ ಅಂತ ಕೂಗಿ ನೋಡುವ ಪಿಂಗ್‌ಗೆ ಉತ್ತರ ಬರದಿದ್ದರೆ ಹೆದರಬೇಡಿ. ಹೊರಗಿನಿಂದ ಬರುವ ಸಂಪರ್ಕ ತಡೆಯುವ ವಿಂಡೋಸ್ ಫೈರ್‌ವಾಲ್ ಎಷ್ಟೋ ಸಲ ಪಿಂಗ್‌ಗೆ ಉತ್ತರ ಕೊಡಲು ಬಿಡುವುದಿಲ್ಲ. ಎರಡೂ ಕಂಪ್ಯೂಟರ್ ಒಂದೇ ಲ್ಯಾನ್‌ನಲ್ಲಿದ್ದರೆ (ಒಂದೇ ಜಾಗದ ಒಳಗಿನ ನೆಟ್‌ವರ್ಕ್), ಪಿಂಗ್ ಮಾಡಿದ ತಕ್ಷಣ ಎಆರ್‌ಪಿ ಪಟ್ಟಿ, ಅಂದರೆ ಯಾವ ಐಪಿ ಯಾವ ಯಂತ್ರದ್ದು ಅನ್ನುವ ಪಟ್ಟಿ ನೋಡಿ. ಸರ್ವರಿನ ಐಪಿ ಎದುರು ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ) ಬಂದಿದ್ದರೆ ಆ ಯಂತ್ರ ಜೀವಂತ ಇದೆ.

ನಂತರ ಪೋರ್ಟ್, ಅಂದರೆ ಒಂದೇ ಯಂತ್ರದಲ್ಲಿ ಒಂದೊಂದು ಪ್ರೋಗ್ರಾಮಿಗೂ ಇರುವ ಬಾಗಿಲಿನ ನಂಬರ್. ಇಲ್ಲಿ ಎರರ್ ನಂಬರ್ ಜಾಸ್ತಿ ಹೇಳುತ್ತದೆ. 10061 ಬಂದರೆ ಯಂತ್ರ ಸಿಕ್ಕಿತು, ಆದರೆ ಆ ಪೋರ್ಟಿನಲ್ಲಿ ಯಾರೂ ಕೇಳುತ್ತಿಲ್ಲ. ಅಂದರೆ ಸರ್ವರ್ ಪ್ರೋಗ್ರಾಂ ಓಡುತ್ತಿಲ್ಲ, ಇಲ್ಲವೇ ಬೇರೆ ಪೋರ್ಟಿನಲ್ಲಿದೆ. 10060 ಅಂದರೆ ಉತ್ತರವೇ ಬರಲಿಲ್ಲ: ವಿಳಾಸ ತಪ್ಪು, ಯಂತ್ರ ಆಫ್ ಅಥವಾ ಫೈರ್‌ವಾಲ್ ತಡೆ. ಆದರೆ ಒಂದು ಎಚ್ಚರಿಕೆ. ಸರ್ವರ್ ಯಂತ್ರದಲ್ಲಿ ವಿಂಡೋಸ್ ಫೈರ್‌ವಾಲ್ ಚಾಲೂ ಇದ್ದರೆ, ಯಾರೂ ಕೇಳದ ಪೋರ್ಟಿಗೂ ಅದು ಸುಮ್ಮನಿದ್ದುಬಿಡುತ್ತದೆ. ಆಗಲೂ 10060 ಬರುತ್ತದೆ. ಅದಕ್ಕೇ ಸರ್ವರಿನ ಎದುರೇ ಕೂತು, ಸಂಪರ್ಕಗಳ ಪಟ್ಟಿ ತೋರಿಸುವ ನೆಟ್‌ಸ್ಟ್ಯಾಟ್ ಓಡಿಸಿ, ಪೋರ್ಟಿನ ಎದುರು "ಲಿಸನಿಂಗ್" ಅಂತ ಇದೆಯಾ ನೋಡಿ.

ಆ ಸಾಲಿನಲ್ಲಿ ವಿಳಾಸವನ್ನೂ ನೋಡಿ. 127.0.0.1 ಅಂತ ಇದ್ದರೆ ಸರ್ವರ್ ತನ್ನ ಯಂತ್ರದೊಳಗಿನವರ ಮಾತು ಮಾತ್ರ ಕೇಳುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಸರ್ವರ್, ಅದಕ್ಕೆ ಸೇರಿಕೊಳ್ಳುವ ಕ್ಲೈಂಟ್ ಪ್ರೋಗ್ರಾಂ ಎರಡೂ ಒಟ್ಟಿಗೆ ಓಡಿದಾಗ ಇದು ಗೊತ್ತೇ ಆಗುವುದಿಲ್ಲ. 0.0.0.0 ಇದ್ದರೆ ಎಲ್ಲ ಕಡೆಯಿಂದ ಕೇಳುತ್ತದೆ. ಸರ್ವರ್ ಶುರುವಾಗುವಾಗಲೇ 10048 ಬಂದರೆ ಆ ಪೋರ್ಟನ್ನು ಬೇರೆ ಯಾವುದೋ ಪ್ರೋಗ್ರಾಂ ಹಿಡಿದಿದೆ. ಹೆಚ್ಚಾಗಿ ಅದು ನಿಮ್ಮದೇ ಪ್ರೋಗ್ರಾಮಿನ ಮುಚ್ಚದೆ ಉಳಿದ ಹಳೇ ಪ್ರತಿ.

ರೂಟರ್ ಬದಲಿಸಿದ ಮೇಲೆ ತೊಂದರೆ ಶುರುವಾಗಿದ್ದರೆ ವಿಂಡೋಸ್ ಅದನ್ನು ಹೊಸ ನೆಟ್‌ವರ್ಕ್ ಅಂದುಕೊಂಡು "ಪಬ್ಲಿಕ್" ಗುಂಪಿಗೆ ಹಾಕಿರುತ್ತದೆ. ನೀವು "ಪ್ರೈವೇಟ್"ಗೆ ಕೊಟ್ಟ ಫೈರ್‌ವಾಲ್ ಅನುಮತಿ ಅಲ್ಲಿ ನಡೆಯುವುದಿಲ್ಲ.

ಸತ್ತವನ ಹೆಸರಿನಲ್ಲಿ ತೆರೆದ ಬಾಗಿಲು

ಈಗ ಗೋಣಿಕೊಪ್ಪದ ಕಥೆ. ನಾಲ್ಕನೇ ದಿನ ನಾನೇ ಬಸ್ ಹತ್ತಿ ಹೋದೆ. ಆಫೀಸಿನಲ್ಲಿ ಯುಪಿಎಸ್ ಇತ್ತು, ಗೋಡೌನಿನಲ್ಲಿ ಇರಲಿಲ್ಲ. ಹನ್ನೊಂದು ಗಂಟೆಗೆ ಕರೆಂಟ್ ಹೋಯಿತು. ತೂಕದ ಕಂಪ್ಯೂಟರ್ ಪಟ್ ಅಂತ ಆರಿತು, ಸರ್ವರ್ ಓಡುತ್ತಲೇ ಇತ್ತು. ಸರ್ವರಿನಲ್ಲಿ ನೆಟ್‌ಸ್ಟ್ಯಾಟ್ ನೋಡಿದರೆ ಆ ಕಂಪ್ಯೂಟರಿನ ಸಂಪರ್ಕದ ಎದುರು ಇನ್ನೂ "ಎಸ್ಟಾಬ್ಲಿಶ್ಡ್". ಆ ಕಡೆ ಯಂತ್ರವೇ ಆರಿ ಕೂತಿದೆ, ಈ ಕಡೆ ಸಂಪರ್ಕ ಗಟ್ಟಿಯಾಗಿದೆ!

ಎರಡು ಕಂಪ್ಯೂಟರ್ ಮಾತಾಡಲು ಬಳಸುವ ಟಿಸಿಪಿ ನಿಯಮ ಇರುವುದೇ ಹಾಗೆ. ಸಂಪರ್ಕ ಅಂದರೆ ನಡುವೆ ಎಳೆದ ದಾರವಲ್ಲ. ಎರಡು ಕಡೆಯ ಯಂತ್ರಗಳೂ ತಮ್ಮ ತಮ್ಮ ನೆನಪಿನಲ್ಲಿ ಇಟ್ಟುಕೊಂಡ ಒಂದು ಲೆಕ್ಕ, ಅಷ್ಟೇ. ಒಬ್ಬ "ಹೋಗಿ ಬರ್ತೀನಿ" ಅಂತ ಹೇಳಿ ಹೋದರೆ ಇನ್ನೊಬ್ಬ ಲೆಕ್ಕ ಮುಚ್ಚುತ್ತಾನೆ. ಕರೆಂಟ್ ಹೋದಾಗ ಹೇಳಲು ಪುರುಸೊತ್ತು ಎಲ್ಲಿ? ನನ್ನ ಸರ್ವರ್ ಬರೀ ಓದುತ್ತಾ ಕಾಯುತ್ತಿತ್ತು, ಏನನ್ನೂ ಕಳಿಸುತ್ತಿರಲಿಲ್ಲ. ಕಳಿಸದವನಿಗೆ ಎದುರಿನವನು ಇಲ್ಲ ಅಂತ ಗೊತ್ತಾಗುವುದೇ ಇಲ್ಲ. ಕರೆಂಟ್ ಬಂದು ತೂಕದ ಕಂಪ್ಯೂಟರ್ ಹೊಸ ಸಂಪರ್ಕ ಮಾಡಿದಾಗ ಹಳೆಯದು ಹಾಗೇ ಇತ್ತು. "ಈಗಾಗಲೇ ಬಳಕೆಯಲ್ಲಿದೆ" ಅಂತ ಸರ್ವರ್ ಹೇಳಿದ್ದು ಅದರ ಲೆಕ್ಕದಲ್ಲಿ ನಿಜವೇ.

ಹಾಗಾದರೆ ಎರಡು ಗಂಟೆ ಎಲ್ಲಿಂದ ಬಂತು? ನಾನು ಕೋಡಿನಲ್ಲಿ, ಸುಮ್ಮನಾದ ಸಂಪರ್ಕದ ಆ ಕಡೆ ಯಾರಾದರೂ ಇದ್ದಾರಾ ಅಂತ ವಿಚಾರಿಸುವ ಕೀಪ್-ಅಲೈವ್ ಹಾಕಿದ್ದೆ. ಹಾಕಿದೆ ಅಂತ ಧೈರ್ಯವಾಗಿಯೂ ಇದ್ದೆ. ಆದರೆ ಅದರ ಅವಧಿ ಬದಲಿಸಿರಲಿಲ್ಲ. ನಾವು ಹೇಳದಿದ್ದರೆ ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಮೊದಲ ವಿಚಾರಣೆ ಹೋಗುವುದು ಸಂಪರ್ಕ ಸುಮ್ಮನಾದ 7200 ಸೆಕೆಂಡ್ ಆದ ಮೇಲೆ. ಸರಿಯಾಗಿ ಎರಡು ಗಂಟೆ. ಆಗ ಸರ್ವರ್ "ಇದ್ದೀಯಾ?" ಅಂತ ಕೇಳುತ್ತದೆ. ಹೊಸದಾಗಿ ಎದ್ದ ಕಂಪ್ಯೂಟರ್ "ಈ ಸಂಪರ್ಕ ನನಗೆ ಗೊತ್ತಿಲ್ಲ" ಅನ್ನುತ್ತದೆ. ಸರ್ವರಿಗೆ ಸಂಪರ್ಕ ಕಡಿಯಿತು ಅನ್ನುವ 10054 ಎರರ್ ಬಂದು, ಹಳೇ ಲಾಗಿನ್ ಆ ಮಿಷನ್ನಿಗೆ ಹಾಕಿದ್ದ ಬೀಗ ಬಿಡುತ್ತದೆ. ರೈಟರ್ ಊಟ ಮುಗಿಸಿ ಬರುತ್ತಾರೆ, ಎಲ್ಲ ಸರಿ ಇರುತ್ತದೆ. ಅವರು ಮೊದಲ ದಿನವೇ ಉತ್ತರ ಹೇಳಿದ್ದರು, ಕೇಳಿಸಿಕೊಳ್ಳದವನು ನಾನು.

ನನ್ನ ಪರೀಕ್ಷೆಯಲ್ಲಿ ಇದು ಯಾಕೆ ಸಿಗಲಿಲ್ಲ ಅನ್ನುವುದು ಇನ್ನೂ ಮುಖ್ಯ. ನಾನು ಟಾಸ್ಕ್ ಮ್ಯಾನೇಜರಿನಲ್ಲಿ ಕ್ಲೈಂಟನ್ನು ಕೊಂದು ನೋಡಿದ್ದೆ, ಸರ್ವರಿಗೆ ತಕ್ಷಣ ಗೊತ್ತಾಗಿತ್ತು. ಪ್ರೋಗ್ರಾಂ ಸತ್ತರೂ ವಿಂಡೋಸ್ ಬದುಕಿರುತ್ತದಲ್ಲ, ಅದು ಪ್ರೋಗ್ರಾಮಿನ ಪರವಾಗಿ ಸಂಪರ್ಕ ಮುಚ್ಚುತ್ತದೆ. ಕರೆಂಟ್ ಹೋದಂತೆ ಪರೀಕ್ಷೆ ಮಾಡಬೇಕಾದರೆ ಪ್ಲಗ್ಗನ್ನೇ ಕೀಳಬೇಕು. ಇಲ್ಲವೇ ಸ್ವಿಚ್‌ನಲ್ಲಿ ಕ್ಲೈಂಟಿನ ಕೇಬಲ್ ಮಾತ್ರ ಕಿತ್ತು, ಸರ್ವರಿನ ಕೇಬಲ್ ಹಾಗೇ ಬಿಡಬೇಕು. ಸರ್ವರಿನ ಕೇಬಲ್ ಕಿತ್ತರೆ ವಿಂಡೋಸಿಗೆ ಕೂಡಲೇ ತಿಳಿದುಬಿಡುತ್ತದೆ, ಪರೀಕ್ಷೆ ಕೆಡುತ್ತದೆ.

ಸರಿಪಡಿಸಿದ್ದು ಹೀಗೆ. ಕ್ಲೈಂಟ್ 15 ಸೆಕೆಂಡಿಗೊಮ್ಮೆ ಒಂದು ಪುಟ್ಟ ಸಂದೇಶ ಕಳಿಸುತ್ತದೆ. 45 ಸೆಕೆಂಡ್ ಏನೂ ಬರದಿದ್ದರೆ ಸರ್ವರ್ ಆ ಸಂಪರ್ಕವನ್ನು ಮುಚ್ಚುತ್ತದೆ. ಅದೇ ಮಿಷನ್ನಿನ ಅದೇ ಕಂಪ್ಯೂಟರ್ ಮತ್ತೆ ಬಂದರೆ ಕಾಯಿಸುವುದಿಲ್ಲ, ಹಳೆಯದನ್ನು ತಳ್ಳಿ ಹೊಸದಕ್ಕೆ ಜಾಗ ಕೊಡುತ್ತದೆ. ಇದನ್ನು ಬರೆಯುವಾಗ ಒಂದು ಹೊಂಡದಲ್ಲಿ ಬಿದ್ದೆ. ಸಿ ಶಾರ್ಪ್ ಪ್ರೋಗ್ರಾಂ ಓಡುವ ಡಾಟ್‌ನೆಟ್‌ನಲ್ಲಿ ಸಾಕೆಟ್ಟಿಗೆ (ಸಂಪರ್ಕದ ನಮ್ಮ ಕಡೆಯ ತುದಿ) ಓದುವ ಟೈಮ್‌ಔಟ್ ಇಟ್ಟರೂ ಅದು ಕಾಯುತ್ತಾ ನಿಲ್ಲುವ ಓದಿಗೆ ಮಾತ್ರ ಅನ್ವಯ. ಕಾಯುತ್ತಾ ನಿಲ್ಲದೆ ಬೇರೆ ಕೆಲಸಕ್ಕೆ ಬಿಡುವ ಅಸಿಂಕ್ ಓದಿಗೆ ಅದು ಲೆಕ್ಕಕ್ಕೇ ಇಲ್ಲ. ಅದಕ್ಕೆ ಕ್ಯಾನ್ಸಲೇಶನ್ ಟೋಕನ್ ಕೊಟ್ಟು, ಸಮಯ ಮೀರಿದಾಗ ನಾವೇ ನಿಲ್ಲಿಸಬೇಕು.

ಬೀಗ ಬಿಟ್ಟ ಮೇಲೆ ಇನ್ನೊಂದು ತೊಂದರೆ ಹೊರಬಂತು. ಸೇವ್ ಒತ್ತಿದ ಮೇಲೆ, "ಆಯಿತು" ಅಂತ ಉತ್ತರ ಬರುವ ಮುಂಚೆ ಕರೆಂಟ್ ಹೋದರೆ ಬಿಲ್ ಸೇರಿತೋ ಇಲ್ಲವೋ? ಕ್ಲೈಂಟಿಗೆ ಗೊತ್ತಿಲ್ಲ. ರೈಟರ್ ಮತ್ತೆ ಸೇವ್ ಒತ್ತುತ್ತಾರೆ. ನಲವತ್ತು ಚೀಲ ಎಂಬತ್ತಾಗುತ್ತದೆ. ಇದು ಹ್ಯಾಂಗಿಗಿಂತ ಕೆಟ್ಟದ್ದು, ಯಾಕೆಂದರೆ ಸಂಜೆ ಲೆಕ್ಕ ಹಾಕುವವರೆಗೆ ಯಾರಿಗೂ ಕಾಣುವುದಿಲ್ಲ. ಪರಿಹಾರ ಸರಳ. ಬಿಲ್ ತೆರೆದಾಗಲೇ ಕ್ಲೈಂಟ್ ಅದಕ್ಕೊಂದು ಗುರುತಿನ ಸಂಖ್ಯೆ ಕೊಟ್ಟು ತನ್ನ ಡಿಸ್ಕಿನಲ್ಲಿ ಬರೆದಿಡಬೇಕು. ಎಷ್ಟು ಸಲ ಕಳಿಸಿದರೂ ಅದೇ ಸಂಖ್ಯೆ. ಆ ಸಂಖ್ಯೆ ಮೊದಲೇ ಬಂದಿದ್ದರೆ ಸರ್ವರ್ ಎರಡನೇ ಸಲ ಬರೆಯದೆ, ಹಳೇ ಉತ್ತರವನ್ನೇ ಕೊಡಬೇಕು.

ಹೆಸರು ಅರ್ಧಕ್ಕೆ ತುಂಡಾದಾಗ

ಸಿದ್ದಾಪುರದಿಂದ ಬಂದ ಬಿಲ್ಲುಗಳಲ್ಲಿ ಆಗೊಮ್ಮೆ ಈಗೊಮ್ಮೆ ಬೆಳೆಗಾರರ ಹೆಸರಿನ ಮಧ್ಯೆ ಪ್ರಶ್ನೆ ಗುರುತಿನ ಚೌಕ ಕಾಣುತ್ತಿತ್ತು. ಗೋಣಿಕೊಪ್ಪದಲ್ಲಿ ಒಂದು ದಿನವೂ ಬಂದಿರಲಿಲ್ಲ. ಎಲ್ಲರೂ ಫಾಂಟ್ ಮೇಲೆ ಅನುಮಾನಪಟ್ಟರು. ಫಾಂಟ್ ತಪ್ಪಿದ್ದರೆ ಯಾವಾಗಲೂ ತಪ್ಪಬೇಕಲ್ವಾ?

ಟಿಸಿಪಿಯಲ್ಲಿ ಸಂದೇಶ ಅನ್ನುವುದೇ ಇಲ್ಲ. ಅದು ಬೈಟುಗಳ ಹೊಳೆ. ನೀವು ಒಂದೇ ಸಲ ಕಳಿಸಿದ್ದು ಆ ಕಡೆ ಎರಡು ಸಲವಾಗಿ ಬರಬಹುದು, ಎರಡು ಸಲ ಕಳಿಸಿದ್ದು ಒಟ್ಟಿಗೆ ಬರಬಹುದು. ಮಾಮೂಲಿ ಈಥರ್‌ನೆಟ್‌ನಲ್ಲಿ ಒಂದು ಪ್ಯಾಕೆಟ್ಟಿನಲ್ಲಿ ಸುಮಾರು 1460 ಬೈಟ್ ಹಿಡಿಯುತ್ತದೆ. ದೊಡ್ಡ ಬಿಲ್ ಹಲವು ತುಂಡಾಗಿಯೇ ಹೋಗುತ್ತದೆ. ಲ್ಯಾನ್‌ನಲ್ಲಿ ತುಂಡುಗಳು ಬೆನ್ನಿಗೆ ಬೆನ್ನು ಹಚ್ಚಿ ಬರುವುದರಿಂದ ಒಂದೇ ಓದಿನಲ್ಲಿ ಹೆಚ್ಚಾಗಿ ಎಲ್ಲ ಸಿಗುತ್ತದೆ. ಇಂಟರ್‌ನೆಟ್ಟಿನಲ್ಲಿ ಎರಡನೇ ತುಂಡು ತಡವಾಗುತ್ತದೆ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. "ಮಡಿಕೇರಿ" ಅನ್ನಲು ಸ್ವರಚಿಹ್ನೆ ಸೇರಿ 7 ಸಂಕೇತ, ಅಂದರೆ 21 ಬೈಟ್. ತುಂಡು ಆ ಮೂರರ ನಡುವೆ ಬಿದ್ದರೆ ಎರಡೂ ಅರ್ಧಗಳು ಅರ್ಥವಿಲ್ಲದವು. ಕೊಡವರ ಹೆಸರಿನಲ್ಲಿ ಮನೆ ಹೆಸರು ಮುಂದೆ ಬರುತ್ತದೆ, ಸಾಲು ಉದ್ದ. ತುಂಡಾಗುವ ಅವಕಾಶವೂ ಜಾಸ್ತಿ.

ನನ್ನ ತಪ್ಪು, ಓದಿದ ಪ್ರತಿ ತುಂಡನ್ನೂ ಕೂಡಲೇ ಅಕ್ಷರ ಮಾಡಿ ಅಂಟಿಸುತ್ತಿದ್ದುದು. ಈಗ ಪ್ರತಿ ಸಂದೇಶದ ಮುಂದೆ 4 ಬೈಟಿನಲ್ಲಿ ಉದ್ದ ಹೋಗುತ್ತದೆ. ಅಷ್ಟು ಬೈಟ್ ಪೂರ್ತಿ ಸೇರುವವರೆಗೆ ಲೂಪಿನಲ್ಲಿ ಓದಿ, ಆಮೇಲೆ ಒಂದೇ ಸಲ ಅಕ್ಷರ ಮಾಡುತ್ತೇನೆ. ಓದು ಸೊನ್ನೆ ಬೈಟ್ ಕೊಟ್ಟರೆ ಆ ಕಡೆಯವರು ಮುಚ್ಚಿದ್ದಾರೆ ಅಂತ ಅರ್ಥ. ಅದನ್ನು ನೋಡದೆ ಲೂಪ್ ತಿರುಗಿಸಿದರೆ ಸಿಪಿಯು ನೂರಕ್ಕೆ ನೂರು ಓಡಿ ಫ್ಯಾನ್ ಕೂಗುತ್ತದೆ.

ತೂಕದ ಮಿಷನ್ನಿನ ಸೀರಿಯಲ್ ಕೇಬಲ್ಲಿಗೂ ಇದೇ ರೋಗ. 50.2 ಅಂತ ಕಳಿಸಿದ್ದು ಒಮ್ಮೊಮ್ಮೆ 0.2 ಅಂತ ಕಾಣುತ್ತದೆ. ಮಿಷನ್ ಮೋಸ ಮಾಡುತ್ತಿದೆ ಅಂತ ಜಗಳವೇ ಆಗಿಬಿಡುತ್ತದೆ. ಸಾಲು ಮುಗಿಯುವ ಗುರುತು ಬರುವವರೆಗೆ ಕಾಯಬೇಕು. ಮೊದಲು ಸಿಕ್ಕಿದ ಅರ್ಧ ಸಾಲನ್ನು ಬಿಸಾಡಬೇಕು. ಯುಎಸ್‌ಬಿ ಪರಿವರ್ತಕವನ್ನು ಬೇರೆ ತೂತಿಗೆ ಚುಚ್ಚಿದರೆ ವಿಂಡೋಸ್ ಅದಕ್ಕೆ ಕೊಡುವ ಹೆಸರು ಕಾಮ್ 3 ಇದ್ದದ್ದು ಕಾಮ್ 5 ಆಗಬಹುದು ಅನ್ನುವುದೂ ನೆನಪಿರಲಿ.

ಕನ್ನಡದ್ದೇ ಇನ್ನೊಂದು ಕಾಟ ಇದೆ. "ಕೇ" ಅಕ್ಷರದ ಏತ್ವದ ದೀರ್ಘವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘ ಅಂತ ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಬೇರೆ. "ವಿರಾಜಪೇಟೆ" ಹುಡುಕಿದರೆ ಅರ್ಧ ಬೆಳೆಗಾರರು ಸಿಗುವುದಿಲ್ಲ. ಸೇರಿಸುವಾಗಲೂ ಹುಡುಕುವಾಗಲೂ ಇವನ್ನು ಒಂದೇ ಸಂಕೇತ ಮಾಡುವ ಎನ್‌ಎಫ್‌ಸಿ ರೂಪಕ್ಕೆ ತಂದುಬಿಟ್ಟರೆ ಮುಗಿಯಿತು.

ಸ್ಕ್ರೀನ್ ನಿಜವಾಗಿ ಬಿಳಚಿಕೊಂಡರೆ

ಹೆಚ್ಚಾಗಿ, ಪ್ರೋಗ್ರಾಮಿನ ಕಿಟಕಿಯನ್ನು ಚಿತ್ರಿಸುವ ಥ್ರೆಡ್‌ನಲ್ಲೇ (ಪ್ರೋಗ್ರಾಮಿನೊಳಗೆ ಕೆಲಸ ನಡೆಯುವ ಒಂದು ಸಾಲು) ನೆಟ್‌ವರ್ಕ್ ಕೆಲಸ ಮಾಡಿಸಿದ್ದೀರಿ ಅಂತ ಅರ್ಥ. ಕಿಟಕಿ 5 ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ಅದನ್ನು ಮಂಕು ಮಾಡುತ್ತದೆ. ಆರಿರುವ ಸರ್ವರಿಗೆ ಸಂಪರ್ಕ ಮಾಡಲು ಹೋದರೆ ವಿಂಡೋಸ್ ಕೈಬಿಡುವುದಕ್ಕೆ ಸುಮಾರು 21 ಸೆಕೆಂಡ್ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ರೈಟರ್ ಹತ್ತು ಸಲ ಕ್ಲಿಕ್ ಮಾಡಿ, ಕೊನೆಗೆ ಸ್ವಿಚ್ ಆರಿಸಿರುತ್ತಾರೆ. ನೆಟ್‌ವರ್ಕ್ ಕೆಲಸವನ್ನು ಅಸಿಂಕ್ ಮಾಡಿ, ಸಂಪರ್ಕಕ್ಕೆ ನಿಮ್ಮದೇ 5 ಸೆಕೆಂಡಿನ ಮಿತಿ ಹಾಕಿ. ಕಾಯುವಾಗ ಸೇವ್ ಬಟನ್ ಮಂಕಾಗಿರಲಿ.

ಅಸಿಂಕ್ ಮಾಡಿದ ಮೇಲೂ ಶಾಶ್ವತವಾಗಿ ನಿಂತರೆ ಕೋಡಿನಲ್ಲಿ ಎಲ್ಲೋ ಒಂದು ಕಡೆ "ರಿಸಲ್ಟ್" ಅಥವಾ "ವೇಟ್" ಬಳಸಿ ಕಾಯುತ್ತಿದ್ದೀರಾ ನೋಡಿ. ಕಿಟಕಿಯ ಥ್ರೆಡ್ ಫಲಿತಾಂಶಕ್ಕೆ ಕಾಯುತ್ತದೆ. ಉಳಿದ ಕೆಲಸ ಮುಗಿಸಲು ಆ ಥ್ರೆಡ್ಡೇ ಬಿಡುವಾಗಬೇಕು. ಇಬ್ಬರೂ "ನೀವು ಮೊದಲು" ಅನ್ನುತ್ತಾ ನಿಲ್ಲುತ್ತಾರೆ.

ಚಿಲ್ಲರೆ ತೊಂದರೆಗಳು

"ಡೇಟಾಬೇಸ್ ಲಾಕ್ ಆಗಿದೆ" ಅಂತ ಬಂದರೆ, ಎಸ್‌ಕ್ಯೂಲೈಟ್ ಡೇಟಾಬೇಸಿನ ಫೈಲನ್ನು ಶೇರ್ಡ್ ಫೋಲ್ಡರಿನಲ್ಲಿಟ್ಟು ಎಲ್ಲರೂ ತೆರೆಯುತ್ತಿದ್ದೀರಾ ನೋಡಿ. ಅದು ಅದಕ್ಕಾಗಿ ಮಾಡಿದ್ದಲ್ಲ. ಫೈಲ್ ಕೆಡುವುದೂ ಉಂಟು. ಒಬ್ಬ ಸರ್ವರ್ ಮಾತ್ರ ಫೈಲ್ ಮುಟ್ಟಲಿ.

ಕೋಡಿನಲ್ಲಿ ಹಣಕ್ಕೆ ಡಬಲ್ ಎಂಬ ಸಂಖ್ಯೆಯ ಬಗೆ ಬಳಸಬೇಡಿ. 0.1ಕ್ಕೆ 0.2 ಕೂಡಿದರೆ ಅದು 0.30000000000000004 ಅನ್ನುತ್ತದೆ. ಔಟ್‌ಟರ್ನ್ (ಒಣ ಕಾಫಿಯಿಂದ ಸಿಗುವ ಬೀಜದ ಪ್ರಮಾಣ) ನೋಡಿ ದರ ಗುಣಿಸುವ ಬಿಲ್ಲಿನಲ್ಲಿ ಒಂದು ಪೈಸೆ ತಪ್ಪಿದರೂ ಆಡಿಟರ್ ಕೇಳುತ್ತಾರೆ. ಡೆಸಿಮಲ್ ಎಂಬ ಬಗೆ ಬಳಸಿ.

ಸರ್ವರಿನ ಹಳೇ ಮದರ್‌ಬೋರ್ಡಿನ ಗುಂಡಿ ಬ್ಯಾಟರಿ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗ ತಾರೀಖು ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಸುರಕ್ಷಿತ ಎಚ್‌ಟಿಟಿಪಿಎಸ್ ಸಂಪರ್ಕಗಳು "ಸರ್ಟಿಫಿಕೇಟ್ ಇನ್ನೂ ಚಾಲ್ತಿಗೆ ಬಂದಿಲ್ಲ" ಅಂತ ಒಡೆಯುತ್ತವೆ. ಕೋಡಿನಲ್ಲಿ ಸರ್ಟಿಫಿಕೇಟ್ ಪರೀಕ್ಷೆಯನ್ನೇ ತೆಗೆದುಹಾಕಿ ಕೈ ತೊಳೆದುಕೊಂಡವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಸಿಆರ್ 2032 ಬ್ಯಾಟರಿ ಹಾಕಿಸಿ.

ನಿಮ್ಮ ಯಂತ್ರದಲ್ಲಿ ಓಡಿ ಅವರ ಯಂತ್ರದಲ್ಲಿ "ಬ್ಯಾಡ್ ಇಮೇಜ್ ಫಾರ್ಮ್ಯಾಟ್" ಅಂದರೆ 64 ಬಿಟ್ ಪ್ರೋಗ್ರಾಮಿಗೆ 32 ಬಿಟ್ ಡಿಎಲ್‌ಎಲ್ (ಪ್ರೋಗ್ರಾಂ ಬಳಸುವ ಸಹಾಯಕ ಫೈಲ್) ಸಿಕ್ಕಿದೆ, ಇಲ್ಲವೇ ಅದರ ತಿರುಗುಮುರುಗು. ತೂಕದ ಮಿಷನ್ ಜೊತೆ ಬರುವ ಹಳೇ ಡಿಎಲ್‌ಎಲ್‌ಗಳು ಹೆಚ್ಚಾಗಿ 32 ಬಿಟ್.

ಲಾಗ್ ಇಲ್ಲದಿದ್ದರೆ ಬಸ್ ಚಾರ್ಜು

ಗೋಣಿಕೊಪ್ಪಕ್ಕೆ ನಾನು ಹೋಗಬೇಕಾಗಿ ಬಂದದ್ದು ಲಾಗ್, ಅಂದರೆ ನಡೆದದ್ದನ್ನೆಲ್ಲ ಪ್ರೋಗ್ರಾಂ ಬರೆದಿಡುವ ಫೈಲ್, ಇಲ್ಲದ್ದಕ್ಕೆ. ಈಗ ಪ್ರತಿ ಸಂಪರ್ಕ ಬಂದಾಗ, ಹೋದಾಗ ಒಂದು ಸಾಲು ಬರೆಯುತ್ತೇನೆ: ಸೆಕೆಂಡಿನವರೆಗಿನ ಸಮಯ, ಯಾವ ಮಿಷನ್, ಎರಡೂ ಕಡೆಯ ಐಪಿ ಮತ್ತು ಪೋರ್ಟ್, ಯಾಕೆ ಮುಚ್ಚಿತು, ಎರರ್ ನಂಬರ್. "ಏನೋ ತಪ್ಪಾಗಿದೆ" ಅಂತ ಬರೆದರೆ ಯಾರಿಗೂ ಉಪಯೋಗವಿಲ್ಲ. ಎಕ್ಸೆಪ್ಶನ್ (ಓಡುವಾಗ ಬರುವ ದೋಷ) ಹಿಡಿದು ಸುಮ್ನೆ ನುಂಗುವ ಖಾಲಿ ಕ್ಯಾಚ್ ಬ್ಲಾಕ್ ಇದ್ದರೆ ಇವತ್ತೇ ಹುಡುಕಿ ತೆಗೆಯಿರಿ. ಫೈಲ್ 10 ಎಂಬಿ ದಾಟಿದರೆ ಹೊಸದು ಶುರುವಾಗಲಿ, ಹಳೆಯವು ಹತ್ತು ಉಳಿದರೆ ಸಾಕು. ಬೆಳೆಗಾರರ ಬ್ಯಾಂಕ್ ಖಾತೆ ಸಂಖ್ಯೆ ಲಾಗಿಗೆ ಬೀಳದ ಹಾಗೆ ನೋಡಿಕೊಳ್ಳಿ. ಮೆನುವಿನಲ್ಲಿ "ಲಾಗ್ ಕಳಿಸಿ" ಅಂತ ಒಂದು ಬಟನ್ ಇಟ್ಟಿದ್ದೇನೆ. ಅದು ಫೈಲುಗಳನ್ನು ಜಿಪ್ ಮಾಡಿ ಡೆಸ್ಕ್‌ಟಾಪ್ ಮೇಲೆ ಇಡುತ್ತದೆ. ರೈಟರ್ ಅದನ್ನು ವಾಟ್ಸಾಪಿನಲ್ಲಿ ಕಳಿಸಿ, ಮುಂದಿನ ಗಾಡಿಯ ಚೀಲ ಎಣಿಸಲು ಹೋಗುತ್ತಾರೆ.